ಬಾವಲಿಯ ಗದ್ದೆಗೆ ಬರುವ ಅತಿಥಿಗಳು

ಬಾವಲಿ ಎಂದೊಡನೆ ವಿದ್ಯಾರ್ಥಿಗಳಿಗೆ ಹಗಲೆಲ್ಲ ಮರದಲ್ಲಿ ತಲೆಕೆಳಗಾಗಿ ತೂಗುವ ಪ್ರಾಣಿಯ ನೆನಪಾಗುವುದು ಸಹಜ. ಇಲ್ಲಿ ಹೇಳಹೊರಟಿರುವುದು ಅದೇ ಹೆಸರಿನ ಊರಿನ ವಿಚಾರ. ಕೇರಳದ ವಯನಾಡು ಜಿಲ್ಲೆಯ ಮಾನಂದವಾಡಿ ತಾಲ್ಲೂಕಿನಲ್ಲಿ, ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಎಲ್ಲೆಗೆ ತಾಗಿಕೊಂಡೇ ಬಾವಲಿ ಇದೆ. ನಡುವೆ ಹೊಳೆ, ಹೊಳೆಗೊಂದು ಸೇತುವೆ. ಈಚೆಗೆ ಮಚ್ಚೂರು, ಆಚೆಗೆ ಬಾವಲಿ. ಅಂಗಡಿಯಲ್ಲಿ ಉಪ್ಪು ಕೇಳಿದರೆ ಕನ್ನಡದಲ್ಲೂ ಕೊಡುತ್ತಾರೆ, ಮಲಯಾಳದಲ್ಲೂ ಕೊಡುತ್ತಾರೆ.

ನಾವು ಕೆಲವು ವರ್ಷ ಆ ಭಾಗದ ಗದ್ದೆಯಂಚಿನ ಮನೆಯೊಂದರಲ್ಲಿ ವಾಸವಾಗಿದ್ದೆವು. ಮನೆಯ ಮುಂದೆ ಭತ್ತ, ಪಕ್ಕದಲ್ಲಿ ಕಾಫಿ ಮತ್ತು ಮೆಣಸು, ಹಿಂದೆ ಕಾಡು. ಪುಸ್ತಕದಲ್ಲಿ ಓದಿದ ಪ್ರಾಣಿಗಳು ಅಲ್ಲಿ ಅಂಗಳಕ್ಕೇ ಬರುತ್ತಿದ್ದವು. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿಯೂ ಬಹಳ ಮಂದಿ ಕಾಡಂಚಿನ ಊರುಗಳವರೇ. ಆದ್ದರಿಂದ ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ಒಂದು ಪಾಠದ ರೂಪದಲ್ಲಿ ಬರೆದರೆ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಉಪಯೋಗವಾದೀತೆಂದು ಭಾವಿಸಿದ್ದೇವೆ.

ಕಾಡಿನ ನಡುವಿನ ಊರು

ವಯಲ್ ಎಂದರೆ ಮಲಯಾಳದಲ್ಲಿ ಗದ್ದೆ. ವಯಲುಗಳ ನಾಡೇ ವಯನಾಡು ಎಂದು ಹಲವರು ಅರ್ಥ ಹೇಳುತ್ತಾರೆ. ಇಲ್ಲಿ ಹುಟ್ಟುವ ಕಬಿನಿ ನದಿ ಕೇರಳದ ಬಹುಪಾಲು ನದಿಗಳಂತೆ ಪಶ್ಚಿಮದ ಕಡಲಿಗೆ ಹೋಗುವುದಿಲ್ಲ. ಪೂರ್ವಕ್ಕೆ ತಿರುಗಿ ನಮ್ಮ ನಾಡಿಗೆ ಬಂದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಕೇರಳದಲ್ಲಿ ಹೀಗೆ ಪೂರ್ವಕ್ಕೆ ಹರಿಯುವ ನದಿಗಳು ಮೂರೇ: ಕಬಿನಿ, ಭವಾನಿ ಮತ್ತು ಪಾಂಬಾರ್.

ಬಾವಲಿಯ ಒಂದು ಕಡೆ 1973ರಲ್ಲಿ ಸ್ಥಾಪಿತವಾದ ವಯನಾಡು ವನ್ಯಜೀವಿಧಾಮ. ಇನ್ನೊಂದು ಕಡೆ ನಾಗರಹೊಳೆ. ನಾಗರಹೊಳೆಯ ಆಚೆ ಬಂಡೀಪುರ, ಅದರಾಚೆ ತಮಿಳುನಾಡಿನ ಮುದುಮಲೈ. ಮೂರು ರಾಜ್ಯಗಳಿಗೆ ಸೇರಿದರೂ ಕಾಡು ಒಂದೇ. 1986ರಲ್ಲಿ ನಮ್ಮ ದೇಶದ ಮೊದಲನೆಯ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿತವಾದ ನೀಲಗಿರಿ ವಲಯದಲ್ಲಿ ಇವೆಲ್ಲ ಸೇರಿವೆ. ಬಾವಲಿಯಿಂದ ಮೈಸೂರಿಗೆ ಬರುವ ರಸ್ತೆ ನಾಗರಹೊಳೆಯ ಕಾಡನ್ನು ಸೀಳಿಕೊಂಡು ಬರುವುದರಿಂದ ಸಂಜೆ ಆರರಿಂದ ಬೆಳಗಿನ ಆರರವರೆಗೆ ಅಲ್ಲಿ ವಾಹನ ಸಂಚಾರವಿಲ್ಲ. ಆ ಹನ್ನೆರಡು ಗಂಟೆ ರಸ್ತೆಯೂ ಪ್ರಾಣಿಗಳದೇ.

ಅದೇ ದಾರಿಯಲ್ಲಿ ಬಳ್ಳೆ ಆನೆ ಶಿಬಿರ ಸಿಗುತ್ತದೆ. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನನ ಮನೆ ಇದೇ ಬಳ್ಳೆ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯದಲ್ಲಿ ಅವನು ಮಡಿದಾಗ ನಾಡೆಲ್ಲ ಮರುಗಿತು. ಹತ್ತಿರದಲ್ಲೇ ಇದ್ದ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾಗಿತ್ತು. ಮಾಸ್ತಿಯವರ 'ಕಾಕನಕೋಟೆ' ನಾಟಕದ ಹೆಸರನ್ನು ಹಿರಿಯ ತರಗತಿಯವರು ಕೇಳಿರಬಹುದು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅನಂತರ 1974ರಲ್ಲಿ ಮುಗಿದ ಕಬಿನಿ ಜಲಾಶಯದ ನೀರಿನಲ್ಲಿ ಆ ಸ್ಥಳ ಮುಳುಗಿತು. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಸಿಹುಲ್ಲು ಚಿಗುರಿದಾಗ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಸೇರುತ್ತವೆ. ಒಂದು ಕಾಲದಲ್ಲಿ ಅವನ್ನು ಅಟ್ಟಿ ಹಿಡಿಯುತ್ತಿದ್ದ ಜಾಗಕ್ಕೆ ಇಂದು ಅವು ತಾವಾಗಿಯೇ ಬರುತ್ತವೆ.

ಪ್ರಾಣಿಗಳು ಗದ್ದೆಗೆ ಏಕೆ ಬರುತ್ತವೆ?

"ಕಾಡಿನಲ್ಲಿ ಅಷ್ಟೊಂದು ಮೇವಿರುವಾಗ ನಮ್ಮ ಗದ್ದೆಗೇ ಏಕೆ ಬರಬೇಕು?" ಎಂದು ರೈತರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಒಂದಲ್ಲ, ಹಲವು ಕಾರಣಗಳಿವೆ.

ಮೊದಲನೆಯದು ಹೊಟ್ಟೆಯ ಲೆಕ್ಕ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವು ಬೇಕು. ಕಾಡಿನಲ್ಲಿ ಅಷ್ಟನ್ನು ಹುಡುಕಿ ತಿನ್ನಲು ದಿನದ ಹೆಚ್ಚು ಭಾಗ ನಡೆಯಬೇಕು. ಗದ್ದೆಯಲ್ಲಿಯಾದರೋ ಮೆತ್ತಗಿನ, ಸಾರವುಳ್ಳ ಪೈರು ಒಂದೇ ಕಡೆ ಸಾಲಾಗಿ ನಿಂತಿರುತ್ತದೆ. ಅದರಲ್ಲಿಯೂ ವಯನಾಡಿನ ಗಂಧಕಸಾಲ, ಜೀರಕಸಾಲ ಎಂಬ ಭತ್ತದ ತಳಿಗಳು ಸುವಾಸನೆಗೆ ಪ್ರಸಿದ್ಧ. ತೆನೆ ಕಟ್ಟಿದಾಗ ಆ ಪರಿಮಳ ನಮ್ಮ ಮೂಗಿಗೇ ತಾಗುತ್ತದೆ. ಆನೆಯ ಸೊಂಡಿಲಿಗೆ ಎಷ್ಟು ದೂರದಿಂದ ತಾಗೀತೆಂದು ಊಹಿಸಿಕೊಳ್ಳಿ.

ಎರಡನೆಯದು ಕಾಡಿನಲ್ಲಿಯೇ ಆಗಿರುವ ಬದಲಾವಣೆ. ಹೆಬ್ಬಿದಿರು ಸುಮಾರು ನಾಲ್ಕು ದಶಕಗಳಿಗೊಮ್ಮೆ ಹೂಬಿಟ್ಟು ಸಾಯುತ್ತದೆ. 2010ರ ಆಸುಪಾಸಿನಲ್ಲಿ ಈ ಕಾಡುಗಳ ಬಿದಿರು ಹೀಗೆ ಹೂಬಿಟ್ಟು ಒಣಗಿತು. ಬಿದಿರು ಆನೆಗೆ ಮೆಚ್ಚಿನ ಮೇವು. ಇದರ ಜೊತೆಗೆ ಲಂಟಾನ ಮೊದಲೇ ಕಾಡನ್ನು ಆವರಿಸಿತ್ತು. ಈಚೆಗೆ ಸೆನ್ನ ಎಂಬ ಹಳದಿ ಹೂವಿನ ಮರವೂ ವಯನಾಡಿನ ಕಾಡಿನಲ್ಲಿ ವ್ಯಾಪಕವಾಗಿ ಹರಡಿದೆ. ನೋಡಲು ಬಲು ಸುಂದರ. ಆದರೆ ಅದರ ನೆರಳಿನಲ್ಲಿ ಹುಲ್ಲು ಬೆಳೆಯುವುದಿಲ್ಲ, ಎಲೆಯನ್ನು ಜಿಂಕೆ ಮುಟ್ಟುವುದಿಲ್ಲ. ಹೂವು ತುಂಬಿದ ಕಾಡೂ ಉಪವಾಸದ ಕಾಡಾಗಿರಬಹುದು ಎಂಬುದಕ್ಕೆ ಇದು ಉದಾಹರಣೆ.

ಮೂರನೆಯದು ನಾವು, ಮನುಷ್ಯರು. ಆನೆಗಳು ತಲೆಮಾರುಗಳಿಂದ ನಡೆದ ದಾರಿಗಳಿಗೆ ಅಡ್ಡವಾಗಿ ತೋಟ, ಮನೆ, ರಸ್ತೆ, ವಸತಿಗೃಹಗಳು ಬಂದಿವೆ. ಆನೆಗೆ ಇದು ಹೊಸ ಗದ್ದೆಯಲ್ಲ, ಹಳೆಯ ದಾರಿ.

ಒಂದು ರಾತ್ರಿಯ ಕಾವಲು

ವಯನಾಡಿನಲ್ಲಿ ಮಳೆಗಾಲದಲ್ಲಿ ನಾಟಿಯಾದ ಭತ್ತ ಕಾರ್ತಿಕ, ಮಾರ್ಗಶಿರ ಮಾಸಗಳ ಹೊತ್ತಿಗೆ ಬಲಿಯುತ್ತದೆ. ಆಗ ರೈತರು ಮರದ ಮೇಲೆ ಅಟ್ಟಣೆ ಕಟ್ಟಿ ರಾತ್ರಿಯಿಡೀ ಕಾವಲು ಕೂಡುತ್ತಾರೆ. ಮಲಯಾಳದಲ್ಲಿ ಇದಕ್ಕೆ ಏರುಮಾಡಂ ಎಂದು ಹೆಸರು. ನೆರೆಯ ಜೇನುಕುರುಬ ಹಿರಿಯರೊಬ್ಬರೊಡನೆ ನಾವೂ ಕೆಲವು ರಾತ್ರಿ ಹಾಗೆ ಕುಳಿತದ್ದುಂಟು.

ಒಂದು ಬೆಳುದಿಂಗಳ ರಾತ್ರಿ ಆ ಹಿರಿಯರು ಮಾತು ನಿಲ್ಲಿಸಿ ಬೆರಳು ತುಟಿಗಿಟ್ಟರು. ನಮಗೇನೂ ಕೇಳಿಸಲಿಲ್ಲ. ಆನೆಯ ಅಂಗಾಲಿನಲ್ಲಿ ಕೊಬ್ಬಿನ ಮೆತ್ತೆಯಿರುವುದರಿಂದ ಅಷ್ಟು ದೊಡ್ಡ ಪ್ರಾಣಿ ಸದ್ದಿಲ್ಲದೆ ನಡೆಯಬಲ್ಲದು. ಅವರು ಕೇಳಿಸಿಕೊಂಡದ್ದು ಸದ್ದನ್ನಲ್ಲ. ಅಷ್ಟು ಹೊತ್ತು ಕೂಗುತ್ತಿದ್ದ ಕಪ್ಪೆಗಳು ಗದ್ದೆಯ ಒಂದು ಮೂಲೆಯಲ್ಲಿ ಸುಮ್ಮನಾದದ್ದನ್ನು! ಸ್ವಲ್ಪ ಹೊತ್ತಿನಲ್ಲಿ ಪೈರು ಕಿತ್ತ ಸದ್ದು, ಅದರ ಹಿಂದೆಯೇ ಥಪ್ ಥಪ್ ಎಂಬ ಸದ್ದು. ಕಿತ್ತ ಪೈರಿನ ಬೇರಿನ ಮಣ್ಣನ್ನು ಆನೆ ಮುಂಗಾಲಿಗೆ ಬಡಿದು ಉದುರಿಸಿ ಅನಂತರ ಬಾಯಿಗಿಡುತ್ತದೆ. ತೊಳೆಯದೆ ಹಣ್ಣು ತಿನ್ನುವ ಮಕ್ಕಳು ಇದನ್ನು ಗಮನಿಸಬೇಕು.

ಮುಂದೆ ಹಿರಿಯ ಹೆಣ್ಣಾನೆ, ಹಿಂದೆ ನಾಲ್ಕು, ಅವುಗಳ ಕಾಲುಗಳ ನಡುವೆ ಒಂದು ಮರಿ. ಆನೆಯ ಹಿಂಡಿಗೆ ಹಿರಿಯ ಹೆಣ್ಣೇ ಯಜಮಾನಿ. ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಹಿಂಡನ್ನು ಬಿಟ್ಟು ಒಂಟಿಯಾಗಿಯೋ ಸಣ್ಣ ಗುಂಪಾಗಿಯೋ ತಿರುಗುತ್ತವೆ. ಅವು ದೂರದೂರಕ್ಕೆ ಮಾತನಾಡಿಕೊಳ್ಳುವುದು ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿದ ಧ್ವನಿಯಲ್ಲಿ. ಈ ಸಂಗತಿಯನ್ನು 1984ರಲ್ಲಿ ಅಮೆರಿಕೆಯ ಕೇಟಿ ಪೇಯ್ನ್ ಎಂಬ ಸಂಶೋಧಕಿ ಮೃಗಾಲಯದ ಆನೆಗಳ ಬಳಿ ನಿಂತಾಗ ಗಾಳಿಯಲ್ಲಿ ಒಂದು ಬಗೆಯ ಕಂಪನವನ್ನು ಅನುಭವಿಸಿ ಗುರುತಿಸಿದರು.

ಹಿರಿಯರು ಕಾಡಿನ ಕಡೆಯ ದಾರಿಯನ್ನು ಬಿಟ್ಟು, ಉಳಿದ ಕಡೆಯಿಂದ ಮಾತ್ರ ತಗಡು ಬಡಿಯಲು ಹೇಳಿದರು. "ಹೋಗೋ ದಾರಿ ಮುಚ್ಚಬಾರದು" ಎಂಬುದು ಅವರ ಮಾತು. ಓಡಿಸುವವರು ನಾಲ್ಕೂ ಕಡೆ ಸುತ್ತುವರಿದರೆ ಆನೆಗೆ ನುಗ್ಗುವುದೊಂದೇ ಉಪಾಯ. ಮರಿಯಿರುವ ಹಿಂಡಂತೂ ಖಂಡಿತ ತಿರುಗಿಬೀಳುತ್ತದೆ. ಆ ರಾತ್ರಿ ಹಿಂಡು ಬಂದ ದಾರಿಯಲ್ಲೇ ಮರಳಿತು. ಬೆಳಗಾದ ಮೇಲೆ ನೋಡಿದರೆ ತಿಂದದ್ದು ಸ್ವಲ್ಪ, ತುಳಿದದ್ದು ಬಹಳ. ಗದ್ದೆಯ ಯಜಮಾನರು ಬದುವಿನ ಮೇಲೆ ಕುಳಿತು ಏನೂ ಮಾತನಾಡಲಿಲ್ಲ. ಆರು ತಿಂಗಳ ದುಡಿಮೆ ಒಂದು ಗಂಟೆಯಲ್ಲಿ ಹೋದರೆ ಮನುಷ್ಯನಿಗೆ ಏನನಿಸುತ್ತದೆ ಎಂಬುದನ್ನು ತಿಳಿಯದೆ 'ವನ್ಯಜೀವಿ ಸಂರಕ್ಷಣೆ' ಎಂಬ ಪ್ರಬಂಧ ಬರೆದರೆ ಅದು ಅರ್ಧ ಪ್ರಬಂಧವಷ್ಟೇ.

ಕೆಸರಿನಲ್ಲಿ ಮೂಡಿದ ಹೆಜ್ಜೆಗಳಿಂದ ಒಂದು ಲೆಕ್ಕವನ್ನೂ ಕಲಿಯಬಹುದು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಅದರ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಸುತ್ತಳತೆ 120 ಸೆಂಟಿಮೀಟರ್ ಇದ್ದರೆ ಎತ್ತರ ಸುಮಾರು 240 ಸೆಂಟಿಮೀಟರ್. ದಾರ ಮತ್ತು ಅಳತೆಪಟ್ಟಿ ಇದ್ದರೆ ಸಾಕು. ಆನೆ ದೂರ ಹೋಗಿದೆಯೆಂದು ದೊಡ್ಡವರು ಖಚಿತಪಡಿಸಿದ ಮೇಲೆ ಮಾತ್ರ!

ಈ ಸುಗ್ಗಿಯ ತಿಂಗಳುಗಳಲ್ಲಿ ಮೊದಲನೆಯ ಪಿರಿಯಡ್ಡಿನಲ್ಲೇ ಕೆಲವು ಹುಡುಗರ ಕಣ್ಣು ಮುಚ್ಚಿಹೋಗುವುದನ್ನು ಉಪಾಧ್ಯಾಯರೆಲ್ಲ ಬಲ್ಲರು. ಅದು ಸೋಮಾರಿತನವಲ್ಲ, ರಾತ್ರಿಯ ಕಾವಲು. ತಂದೆತಾಯಿಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಬೆಳೆ ಹೋದರೆ ಮುಂದಿನ ವರ್ಷ ಬೆಳೆಯಬಹುದು. ಮಕ್ಕಳನ್ನು ಅಟ್ಟಣೆಗೆ ಒಂಟಿಯಾಗಿ ಕಳುಹಿಸಬೇಡಿ. ಪರೀಕ್ಷೆಗೆ ಕುಳಿತುಕೊಳ್ಳುವ ವರ್ಷದಲ್ಲಂತೂ ಅವರ ನಿದ್ದೆಯನ್ನು ಕಾಯುವುದೂ ಒಂದು ಬಗೆಯ ಬೇಸಾಯವೇ.

ಬೇಲಿಗಳ ವಿಚಾರ

ಆನೆ ತಡೆಯಲು ಕಂದಕ, ಸೌರವಿದ್ಯುತ್ ಬೇಲಿ, ಹಳೆಯ ರೈಲುಕಂಬಿಗಳ ಬೇಲಿ ಇವೆಲ್ಲ ಬಳಕೆಯಲ್ಲಿವೆ. ಸೌರಬೇಲಿಯಲ್ಲಿ ವಿದ್ಯುತ್ತಿನ ಒತ್ತಡ ಹೆಚ್ಚು; ಆದರೆ ಅದು ನಾಡಿ ಬಡಿದಂತೆ ಬಿಟ್ಟುಬಿಟ್ಟು, ಸೆಕೆಂಡಿನ ಅತಿ ಸಣ್ಣ ಭಾಗದಷ್ಟು ಕಾಲ ಮಾತ್ರ ಹರಿಯುತ್ತದೆ. ಆದ್ದರಿಂದ ಬೆಚ್ಚಿಬೀಳಿಸುತ್ತದೆ, ಕೊಲ್ಲುವುದಿಲ್ಲ. ಆನೆಯೂ ಸುಲಭಕ್ಕೆ ಸೋಲುವುದಿಲ್ಲ. ದಂತದಲ್ಲಿ ವಿದ್ಯುತ್ತು ಹರಿಯದೆಂದು ಕಂಡುಕೊಂಡ ಸಲಗಗಳು ದಂತದಿಂದಲೇ ತಂತಿ ಹರಿಯುತ್ತವೆ. ಕೆಲವು ಒಣಮರವನ್ನು ಬೇಲಿಯ ಮೇಲೆ ಕೆಡವಿ ದಾಟುತ್ತವೆ. ಜೇನ್ನೊಣಕ್ಕೆ ಆನೆ ಹೆದರುವುದೆಂಬ ಆಧಾರದ ಮೇಲೆ ಜೇನುಪೆಟ್ಟಿಗೆಗಳನ್ನು ಸಾಲಾಗಿಡುವ ಪ್ರಯೋಗವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಕೊಡಗಿನ ಕಾಡಂಚಿನಲ್ಲಿ ಆರಂಭಿಸಿತು. ಬೇಲಿಯೂ ಆಯಿತು, ಜೇನೂ ಆಯಿತು.

ಆದರೆ ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಬೇಲಿಗೆ ಕೊಡುವುದು ಮಾತ್ರ ಕೊಲೆಗೆ ಸಮಾನ. ಅದು ಆನೆಯನ್ನೂ ಕೊಲ್ಲುತ್ತದೆ. ದನವನ್ನೂ, ಚೆಂಡು ಹುಡುಕಲು ಹೋದ ಹುಡುಗನನ್ನೂ ಕೊಲ್ಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಹೀಗೆ ಕಾಡುಪ್ರಾಣಿಯನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧವೂ ಹೌದು.

ಹುಲಿಯೋ, ಪುಲಿಯೋ?

ಕನ್ನಡ ಉಪಾಧ್ಯಾಯರಾದ ನಮಗೆ ಬಾವಲಿ ಕಲಿಸಿದ ಒಂದು ಭಾಷಾಪಾಠವಿದೆ. ಒಂದು ಮುಂಜಾನೆ ನೆರೆಯ ಮನೆಯಿಂದ "ಪುಲಿ! ಪುಲಿ!" ಎಂಬ ಕೂಗು ಕೇಳಿಬಂತು. ಹಳಗನ್ನಡ ಓದಿದವರಿಗೆ ಪುಲಿಯೆಂದರೆ ಹುಲಿಯೇ. ಪದದ ಮೊದಲಿನ ಪಕಾರ ಕನ್ನಡದಲ್ಲಿ ಕಾಲಕ್ರಮದಲ್ಲಿ ಹಕಾರವಾಯಿತು: ಪಾಲು ಹಾಲಾಯಿತು, ಪಾವು ಹಾವಾಯಿತು, ಪಂದಿ ಹಂದಿಯಾಯಿತು. ಮಲಯಾಳದಲ್ಲಿ ಪಕಾರ ಹಾಗೆಯೇ ಉಳಿಯಿತು: ಪಾಲ್, ಪಾಂಬ್, ಪನ್ನಿ. ಈ ಸೂತ್ರದಂತೆ ಪುಲಿ ಹುಲಿಯಾಗಬೇಕು. ಆದರೆ ವಯನಾಡಿನ ಆಡುಮಾತಿನಲ್ಲಿ ಪುಲಿಯೆಂದರೆ ಚಿರತೆ. ಹುಲಿಗೆ ಅವರು ಹೇಳುವುದು ಕಡುವ ಎಂದು. ಶಬ್ದ ಒಂದೇ, ಪ್ರಾಣಿ ಬೇರೆ!

ಇದು ವ್ಯಾಕರಣದ ಚಮತ್ಕಾರವಷ್ಟೇ ಅಲ್ಲ. ಚಿರತೆ ಮನೆಯ ಹತ್ತಿರಕ್ಕೇ ಬಂದು ನಾಯಿ, ಮೇಕೆ, ಕೋಳಿಗಳನ್ನು ಒಯ್ಯುತ್ತದೆ; ಮರವನ್ನೂ ಹತ್ತುತ್ತದೆ. ಹಾಗಾಗಿ ಪುಲಿ ಬಂದಿದೆಯೆಂದರೆ ಕೊಟ್ಟಿಗೆಯ ಬಾಗಿಲು ಭದ್ರಪಡಿಸಬೇಕು. ಕಡುವ ಬಂದಿದೆಯೆಂದರೆ ಕಾಡಂಚಿಗೆ ದನ ಬಿಡಬಾರದು, ತೋಟಕ್ಕೆ ಯಾರೂ ಒಂಟಿಯಾಗಿ ಹೋಗಬಾರದು. 2025ರ ಜನವರಿಯಲ್ಲಿ ಮಾನಂದವಾಡಿಯ ಬಳಿ ಕಾಫಿ ಕೊಯ್ಯಲು ಹೋದ ಮಹಿಳೆಯೊಬ್ಬರನ್ನು ಹುಲಿ ಕೊಂದಿತು. ಗಡಿಯಲ್ಲಿರುವವರು ನೆರೆಯವರ ಭಾಷೆಯನ್ನು ಸರಿಯಾಗಿ ತಿಳಿದಿರುವುದು ಪ್ರಾಣರಕ್ಷಣೆಯ ವಿಷಯವೂ ಆಗಬಲ್ಲದು.

ಹೆಜ್ಜೆಯಿಂದಲೂ ಇವನ್ನು ಗುರುತಿಸಬಹುದು. ಬೆಕ್ಕಿನ ಜಾತಿಯವು ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಬೀಳದು. ನಾಯಿ, ಕೆನ್ನಾಯಿಗಳ ಹೆಜ್ಜೆಯಲ್ಲಿ ಬೀಳುತ್ತದೆ. ಹುಲಿಯ ಹೆಜ್ಜೆ ದೊಡ್ಡವರ ಅಂಗೈಗಿಂತ ಅಗಲ, ಚಿರತೆಯದು ಚಿಕ್ಕದು.

ಸಣ್ಣ ಪ್ರಾಣಿ, ದೊಡ್ಡ ಅಪಾಯ

ಆನೆ, ಹುಲಿಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಗದ್ದೆಯಂಚಿನ ಮನೆಯಲ್ಲಿ ದಿನವೂ ಎಚ್ಚರದಿಂದಿರಬೇಕಾದದ್ದು ಹಾವಿನ ವಿಷಯದಲ್ಲಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ನಮ್ಮ ದೇಶದಲ್ಲಿ ಹೆಚ್ಚು ಸಾವುಗಳಿಗೆ ಕಾರಣವಾಗುವ ವಿಷದ ಹಾವುಗಳು. ಕಟ್ಟುಹಾವು ರಾತ್ರಿ ಸಂಚರಿಸುತ್ತದೆ. ಅದರ ಕಡಿತ ಅಷ್ಟಾಗಿ ನೋಯುವುದಿಲ್ಲ. ನೆಲದ ಮೇಲೆ ಮಲಗಿದವರು ಇರುವೆ ಕಚ್ಚಿತೆಂದು ಮತ್ತೆ ನಿದ್ದೆ ಹೋದದ್ದುಂಟು.

2019ರ ನವೆಂಬರಿನಲ್ಲಿ ವಯನಾಡಿನ ಶಾಲೆಯೊಂದರ ತರಗತಿಯಲ್ಲಿ, ನೆಲದ ಬಿಲದಲ್ಲಿದ್ದ ಹಾವು ಕಚ್ಚಿ ಐದನೆಯ ತರಗತಿಯ ಬಾಲಕಿಯೊಬ್ಬಳು ತೀರಿಕೊಂಡಳು. ಚಿಕಿತ್ಸೆ ತಡವಾಯಿತೆಂಬ ಕೊರಗು ನಾಡಿನಲ್ಲೆಲ್ಲ ಕೇಳಿಬಂತು. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಬಾಯಿಂದ ವಿಷ ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರ ಔಷಧಿಯೆಂದು ಕಾಲ ಕಳೆಯಬಾರದು. ಕಚ್ಚಿದ ಕೈಕಾಲನ್ನು ಅಲುಗಿಸದೆ, ಉಂಗುರ ಬಳೆಗಳನ್ನು ತೆಗೆದು, ವಿಷನಿರೋಧಕ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಮಗುವೊಂದು "ಏನೋ ಕಚ್ಚಿತು" ಎಂದರೆ ಅದನ್ನು ನಂಬಬೇಕು. ಇದು ಉಪಾಧ್ಯಾಯರಿಗೂ ಪೋಷಕರಿಗೂ ಮೊದಲ ಪಾಠ.

ಇನ್ನೊಂದು ಉಣುಗಿನಿಂದ ಹರಡುವ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ 2015ರ ಹೊತ್ತಿಗೆ ವಯನಾಡಿನಲ್ಲಿಯೂ ಸಾವುಗಳನ್ನು ತಂದಿತು. ಕಾಡಿನಲ್ಲಿ ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಸೌದೆ, ತರಗೆಲೆಗೆ ಹೋಗಿ ಬಂದವರು ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಹಾಗೆಯೇ ಬಾವಲಿ ಕಚ್ಚಿ ಬೀಳಿಸಿದ ಹಣ್ಣನ್ನು ತಿನ್ನಬಾರದು. 2018ರಲ್ಲಿ ಕೋಳಿಕ್ಕೋಡಿನಲ್ಲಿ ಕಾಣಿಸಿಕೊಂಡ ನಿಪಾ ಜ್ವರದ ಮೂಲ ಹಣ್ಣು ತಿನ್ನುವ ಬಾವಲಿಗಳೇ. ಆದರೆ ಬಾವಲಿಯನ್ನು ದ್ವೇಷಿಸಬೇಕಾಗಿಲ್ಲ. ಕಾಡಿನ ಹಲವು ಮರಗಳ ಬೀಜ ಬಿತ್ತುವ ಬೇಸಾಯಗಾರ ಅದೇ.

ಎರಡು ರಾಜ್ಯ, ಒಂದೇ ಕಾಡು

2023ರ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ದಂತವಿಲ್ಲದ ಗಂಡಾನೆಯೊಂದನ್ನು ಹಿಡಿದು, ಕೊರಳಿಗೆ ರೇಡಿಯೊ ಪಟ್ಟಿ ತೊಡಿಸಿ ಬಂಡೀಪುರದ ಕಡೆಯ ಕಾಡಿಗೆ ಬಿಡಲಾಯಿತು. ಬೇಲೂರು ಮಖ್ನಾ ಎಂದು ಅದಕ್ಕೆ ಹೆಸರಾಯಿತು. ಅದು ನಡೆಯುತ್ತ ಕೇರಳಕ್ಕೆ ಹೋಗಿ, 2024ರ ಫೆಬ್ರವರಿ 10ರಂದು ಮಾನಂದವಾಡಿಯ ಬಳಿ ಮನೆಯ ಅಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದಿತು. ಅನಂತರ ಹಲವು ದಿನ ಅರಣ್ಯ ಸಿಬ್ಬಂದಿ ಅದನ್ನು ಬಾವಲಿಯ ಸುತ್ತಲ ಕಾಡಿನಲ್ಲಿ ಹುಡುಕಿದರು. ಆನೆ ಗಡಿ ದಾಟಿ ಈಚೆಗೆ ಬಂತು. ಸತ್ತವರ ಮನೆಯವರಿಗೆ ಆನೆ ಯಾವ ರಾಜ್ಯದ್ದೆಂಬ ವಾದದಿಂದ ಏನೂ ಪ್ರಯೋಜನವಿಲ್ಲ. 2024ರ ಮಾರ್ಚ್ 10ರಂದು ಬಂಡೀಪುರದಲ್ಲಿ ನೆರೆರಾಜ್ಯಗಳು ಸೇರಿ, ಇಂಥ ಪ್ರಾಣಿಗಳ ಸುದ್ದಿಯನ್ನು ಪರಸ್ಪರ ತಿಳಿಸಿಕೊಂಡು ಕೂಡಿ ಕೆಲಸ ಮಾಡುವ ಒಪ್ಪಂದಕ್ಕೆ ಬಂದವು. ಸೇತುವೆಯ ಎರಡೂ ಕಡೆಯ ಜನ ಇದನ್ನೇ ಬಹುಕಾಲದಿಂದ ಮಾಡುತ್ತಿದ್ದಾರೆ: "ಆನೆ ನಿಮ್ಮ ಕಡೆ ಇಳಿದಿದೆ" ಎಂದು ಕೂಗಿ ಹೇಳುತ್ತಾರೆ.

ನೆನಪಿಡಬೇಕಾದ ಅಂಶಗಳು

1. ಮುಂಜಾನೆ ಮಂಜಿನಲ್ಲಿಯೂ ಸಂಜೆ ಕತ್ತಲಾದ ಮೇಲೂ ಕಾಡಂಚಿನ ದಾರಿಯಲ್ಲಿ ಒಂಟಿಯಾಗಿ ನಡೆಯಬಾರದು. ಗುಂಪಾಗಿ, ಮಾತನಾಡುತ್ತ ನಡೆಯಬೇಕು.
2. ಬಿಸಿಯಾದ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ಹಿಂದಿರುಗಬೇಕು. ಶಾಲೆಗೆ ತಡವಾದರೆ ಯಾರೂ ಗದರಿಸುವುದಿಲ್ಲ.
3. ಆನೆಯ ಕಣ್ಣು ಮಂದ, ಮೂಗು ಚುರುಕು. ಗಾಳಿ ನಮ್ಮ ಕಡೆಯಿಂದ ಅದರ ಕಡೆಗೆ ಬೀಸುತ್ತಿದ್ದರೆ ಅದಕ್ಕೆ ನಾವಿರುವುದು ತಿಳಿದಿದೆ ಎಂದೇ ತಿಳಿಯಬೇಕು.
4. ಪ್ರಾಣಿಯ ಹತ್ತಿರ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಸಾಹಸವಲ್ಲ, ಅವಿವೇಕ.
5. ಹಲಸಿನ ಹಣ್ಣನ್ನು ಮನೆಯ ಬಳಿ ಕೊಳೆಯಲು ಬಿಡಬಾರದು. ಅದು ಆನೆಗೆ ಕಳುಹಿಸಿದ ಆಮಂತ್ರಣ ಪತ್ರಿಕೆ.

ಅತಿಥಿ ಎಂದರೆ ತಿಥಿಯಿಲ್ಲದೆ ಬರುವವನು ಎಂದು ನಿಘಂಟುಕಾರರು ಹೇಳುತ್ತಾರೆ. ಬಾವಲಿಯ ಗದ್ದೆಗೆ ಬರುವವರೂ ಹೇಳಿ ಬರುವವರಲ್ಲ. ಅವರನ್ನು ಪ್ರೀತಿಸಲೇಬೇಕೆಂದು ಬೆಳೆ ಕಳೆದುಕೊಂಡವರಿಗೆ ನಾವು ಹೇಳಲಾರೆವು. ಅರಿತುಕೊಳ್ಳಬೇಕೆಂದು ಮಾತ್ರ ಹೇಳಬಲ್ಲೆವು. ಕಪ್ಪೆಗಳ ಮೌನದಿಂದ ಆನೆಯ ಬರವನ್ನು ಅರಿತ ಆ ಹಿರಿಯರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಂಥವರ ಮೊಮ್ಮಕ್ಕಳು ಇಂದು ನಮ್ಮ ಬೆಂಚುಗಳಲ್ಲಿ ಕುಳಿತಿದ್ದಾರೆ. ಅವರು ಪುಸ್ತಕದ ವಿದ್ಯೆಯನ್ನು ಕಲಿಯುವಾಗ ಅಜ್ಜನ ವಿದ್ಯೆಯನ್ನು ಮರೆಯದಿರಲಿ; ಉಳಿದವರು ಅವರಿಂದ ಕೇಳಿ ಕಲಿಯಲಿ.

ಅಭ್ಯಾಸ

1. ಗದ್ದೆಗೆ ಕಾಡಾನೆಗಳು ಬರಲು ಮೂರು ಕಾರಣಗಳನ್ನು ಬರೆಯಿರಿ.
2. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆ 132 ಸೆಂಟಿಮೀಟರ್ ಇದ್ದರೆ ಅದರ ಎತ್ತರ ಸುಮಾರು ಎಷ್ಟು?
3. ಪಕಾರ ಹಕಾರವಾದ ಐದು ಪದಗಳನ್ನು ಪಟ್ಟಿ ಮಾಡಿ, ಮಲಯಾಳ ಬಲ್ಲ ಗೆಳೆಯರಿಂದ ಆ ಭಾಷೆಯ ರೂಪಗಳನ್ನು ಕೇಳಿ ಎದುರಿಗೆ ಬರೆಯಿರಿ.
4. ಹಾವು ಕಚ್ಚಿದಾಗ ಮಾಡಬೇಕಾದ ಮತ್ತು ಮಾಡಬಾರದ ಕೆಲಸಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿ.
5. ನಿಮ್ಮ ಮನೆಯ ಅಥವಾ ಊರಿನ ಹಿರಿಯರೊಬ್ಬರನ್ನು ಕೇಳಿ, ಕಾಡುಪ್ರಾಣಿಯ ಬರವನ್ನು ತಿಳಿಸುವ ಸೂಚನೆಗಳ ಬಗ್ಗೆ ಹತ್ತು ವಾಕ್ಯ ಬರೆಯಿರಿ.